ಹೊಸ ಸಾಹೇಬರು ಬಂದರೆ: ಮೊದಲ ತಿಂಗಳ ಆರು ಹೆಜ್ಜೆ

ಮೇ–ಜೂನ್ ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ ವರ್ಗಾವಣೆಯದೇ ಮಾತು. ಆದೇಶ ಹೊರಬಿದ್ದ ಕೂಡಲೇ ‘ಹೊಸ ಸಾಹೇಬರು ಹೇಗೆ?’ ಎಂದು ಅವರ ಹಳೆಯ ಕಚೇರಿಗೆ ಫೋನ್ ಹೋಗುತ್ತದೆ. ಅದರಿಂದ ಸಿಗುವುದು ಭಯ, ಇಲ್ಲವೇ ಹುಸಿ ಧೈರ್ಯ. ಹೊಸದಾಗಿ ಅಧಿಕಾರ ವಹಿಸಿಕೊಂಡವರಿಗೆ ಮೊದಲು ಬೇಕಿರುವುದು ಕಚೇರಿಯ ನಿಜಸ್ಥಿತಿ. ಅದನ್ನು ಮುಚ್ಚುಮರೆಯಿಲ್ಲದೆ ತಿಳಿಸುವ ಸಿಬ್ಬಂದಿಯನ್ನು ಅವರು ನಂಬುತ್ತಾರೆ.

1. ಒಂದು ಪುಟದ ಪಟ್ಟಿ ಸಿದ್ಧವಿರಲಿ

ಯಾವ ಕಡತ ಬಾಕಿಯಿದೆ, ಎಲ್ಲಿ ನಿಂತಿದೆ, ಗಡುವು ಯಾವಾಗ? ಈ ಮೂರು ಕಾಲಂ ಸಾಕು. ಕೋರ್ಟ್ ಪ್ರಕರಣ, ಆಡಿಟ್ ಆಕ್ಷೇಪಣೆ, ಸಕಾಲ ಮತ್ತು ಮಾಹಿತಿ ಹಕ್ಕು ಅರ್ಜಿಗಳು ಪಟ್ಟಿಯ ಮೇಲ್ಭಾಗದಲ್ಲಿರಲಿ.

2. ಮೊದಲ ಭೇಟಿಯಲ್ಲಿ ಕೇಳಿ ತಿಳಿಯಿರಿ

ಹಿಂದಿನವರ ಬಗ್ಗೆಯಾಗಲಿ, ಸಹೋದ್ಯೋಗಿಗಳ ಬಗ್ಗೆಯಾಗಲಿ ದೂರು ಬೇಡ. ಕಡತ ಯಾವ ಹೊತ್ತಿಗೆ ಮಂಡಿಸಬೇಕು, ಟಿಪ್ಪಣಿ ವಿವರವಾಗಿರಬೇಕೇ ಚಿಕ್ಕದಾಗಿರಬೇಕೇ, ತುರ್ತಿದ್ದರೆ ಫೋನ್ ಮಾಡಬಹುದೇ ಎಂದು ಕೇಳಿ, ಬರೆದಿಟ್ಟುಕೊಳ್ಳಿ.

3. ಕೆಟ್ಟ ಸುದ್ದಿ ನಿಮ್ಮಿಂದಲೇ ಮೊದಲು ಗೊತ್ತಾಗಲಿ

ಇದೇ ಎಲ್ಲಕ್ಕಿಂತ ಮುಖ್ಯ. ಮಾಹಿತಿ ಹಕ್ಕು ಅರ್ಜಿಗೆ ಉತ್ತರಿಸಲು ಸಾಮಾನ್ಯವಾಗಿ 30 ದಿನಗಳ ಅವಕಾಶ. 22 ದಿನ ಕಳೆದಿದೆ, ಕಡತ ರೆಕಾರ್ಡ್ ರೂಮಿನಲ್ಲಿ ಸಿಗುತ್ತಿಲ್ಲ ಎಂದುಕೊಳ್ಳಿ. ಸಕಾರಣವಿಲ್ಲದ ವಿಳಂಬಕ್ಕೆ ದಿನಕ್ಕೆ ₹250ರಂತೆ ₹25,000ದವರೆಗೆ ದಂಡವಿದೆ. ಅದನ್ನು ತೆರಬೇಕಾದವರು ಮಾಹಿತಿ ಅಧಿಕಾರಿ. ‘ಹೇಗೋ ಸಿಕ್ಕೀತು’ ಎಂದು ಸುಮ್ಮನಿರಬೇಡಿ. ‘ಸಾರ್, ಕಡತ ಸಿಕ್ಕಿಲ್ಲ. ವಿಲೇವಾರಿ ರಿಜಿಸ್ಟರ್ ನೋಡುತ್ತಿದ್ದೇನೆ. ಶುಕ್ರವಾರದೊಳಗೆ ಸಿಗದಿದ್ದರೆ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಪ್ರತಿ ಇದೆಯೇ ಎಂದು ವಿಚಾರಿಸೋಣವೇ?’ ಎನ್ನಿ. ಆಗಿದ್ದೇನು, ಮಾಡಿದ್ದೇನು, ಮುಂದಿನ ದಾರಿಯೇನು ಎಂಬುದು ಒಂದೇ ಉಸಿರಿನಲ್ಲಿ ತಿಳಿದರೆ ಅಧಿಕಾರಿ ಬೈಯುತ್ತಾ ಕೂರುವ ಬದಲು ತೀರ್ಮಾನಕ್ಕೆ ಬರುತ್ತಾರೆ. ಅದೇ ಸುದ್ದಿ ಅರ್ಜಿದಾರರ ಬಾಯಿಂದ ಬಂದರೆ ನಿಮ್ಮ ಮಾತಿಗೆ ಮತ್ತೆ ಬೆಲೆ ಬರಲು ತಿಂಗಳುಗಳೇ ಬೇಕು.

4. ಬಾಯಿಮಾತಿನ ಸೂಚನೆ ಕಡತದಲ್ಲಿ ದಾಖಲಾಗಲಿ

‘ತಮ್ಮ ಮೌಖಿಕ ಸೂಚನೆಯಂತೆ ಆದೇಶಕ್ಕಾಗಿ ಮಂಡಿಸಿದೆ’ ಎಂಬ ಒಂದು ಸಾಲು ಸಾಕು. ಇದು ಅಪನಂಬಿಕೆಯಲ್ಲ, ಇಬ್ಬರಿಗೂ ರಕ್ಷಣೆ. ಸೂಚನೆ ನಿಯಮಕ್ಕೆ ಹೊಂದದಿದ್ದರೆ ಆ ನಿಯಮವನ್ನು ಟಿಪ್ಪಣಿಯಲ್ಲಿ ಕಾಣಿಸಿ, ನಿಯಮದೊಳಗೇ ಆಗುವ ಬೇರೆ ದಾರಿಯನ್ನೂ ಸೂಚಿಸಿ.

5. ‘ಹಿಂದಿನ ಸಾಹೇಬರು ಹೀಗೆ ಮಾಡ್ತಿದ್ರು’ ಎನ್ನಬೇಡಿ

ಹಳೆಯ ಪದ್ಧತಿ ಒಳ್ಳೆಯದಾಗಿದ್ದರೆ ಅದರ ಕಾರಣ ಹೇಳಿ. ಹೊಸಬರು ಸೋಮವಾರ ಬೆಳಿಗ್ಗೆ ಸಭೆ ಇಟ್ಟರೆ, ‘ಮೇಡಂ, ಸೋಮವಾರ ಇಲ್ಲಿ ಸಂತೆ. ಹಳ್ಳಿಯವರು ಅಂದೇ ಕಚೇರಿ ಕೆಲಸಕ್ಕೂ ಬರುತ್ತಾರೆ, ಕೌಂಟರ್ ತುಂಬಿರುತ್ತದೆ’ ಎಂದು ತಿಳಿಸಿ. ದಿನ ಬದಲಿಸುವುದು ಅವರಿಗೆ ಬಿಟ್ಟದ್ದು. ಆಮೇಲೂ ಸೋಮವಾರವೇ ಎಂದರೆ ಗೊಣಗದೆ ಕೌಂಟರಿಗೆ ಒಬ್ಬರನ್ನು ಬಿಟ್ಟು ಸಭೆಗೆ ಹೋಗುವ ಏರ್ಪಾಡು ಮಾಡಿಕೊಳ್ಳಿ.

6. ತಿಂಗಳಾದ ಮೇಲೆ ನೇರವಾಗಿ ಕೇಳಿ

ಬಿಡುವಿನ ವೇಳೆ ನೋಡಿ, ‘ನನ್ನ ಕೆಲಸದಲ್ಲಿ ಏನಾದರೂ ಬದಲಾಗಬೇಕೇ ಸಾರ್?’ ಎಂದು ಕೇಳಿ. ಹೇಳಿದ್ದರಲ್ಲಿ ಒಂದನ್ನಾದರೂ ಆ ವಾರವೇ ತಿದ್ದಿಕೊಳ್ಳಿ.

ಅಧಿಕಾರಿ ಮತ್ತು ವಿಷಯ ನಿರ್ವಾಹಕರ ನಡುವೆ ನಂಬಿಕೆ ಇಲ್ಲದ ಕಡೆ ಪ್ರತಿ ಕಡತವೂ ‘ಚರ್ಚಿಸಿ’ ಎಂಬ ಷರಾದೊಂದಿಗೆ ವಾಪಸಾಗುತ್ತದೆ. ಪಹಣಿ ತಿದ್ದುಪಡಿಗೆ ಬಂದ ರೈತ ಇನ್ನೊಮ್ಮೆ ಬಸ್ ಚಾರ್ಜು ಕೊಟ್ಟು ಬರಬೇಕಾಗುತ್ತದೆ. ಸಾಹೇಬರೊಂದಿಗೆ ಹೊಂದಿಕೊಂಡು ಹೋಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.