ಮುತ್ಯಾನ ಪೆಟ್ಟಿಗೆಯ ನೋಟು

ತಮ್ಮಾ, ಮುತ್ಯಾನ ಪೆಟ್ಟಿಗೆಯಲ್ಲಿ ಹಳೆ ನೋಟು ಸಿಕ್ಕಾವ, ಎಷ್ಟು ರೊಕ್ಕ ಬರತದ ಅಂತ ಕೇಳಿದಿ. ರೊಕ್ಕದ ಮಾತು ಆಮೇಲೆ ಆಡೋಣ. ಮೊದಲು ಅವನ್ನು ಬೆಳಕಿಗೆ ಹಿಡಿದು ಓದು.

ನಮ್ಮ ಬೀದರ, ಭಾಲ್ಕಿ, ಔರಾದ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಇಲ್ಲಿನ ಹಳೆ ಮನೆಗಳ ಕಟ್ಟುಗಳಲ್ಲಿ ನಿಜಾಮರ ಕಾಲದ ನೋಟು ಸಿಕ್ಕರೆ ಆಶ್ಚರ್ಯವಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬೆಳ್ಳಿಯ ಕೊರತೆ ಬಿತ್ತು, 1918ರಲ್ಲಿ ಹೈದರಾಬಾದ್ ತನ್ನದೇ ಕಾಗದದ ನೋಟು ಹೊರಡಿಸಿತು. ಅದರ ಮೇಲೆ ಉರ್ದು, ಇಂಗ್ಲಿಷ್ ಜೊತೆಗೆ ಮರಾಠಿ, ತೆಲುಗು, ಕನ್ನಡವೂ ಇದೆ. ಆ ಕನ್ನಡದ ಸಾಲನ್ನು ನಿನ್ನ ಮಕ್ಕಳಿಗೆ ತಪ್ಪದೆ ತೋರಿಸು. ನಮ್ಮ ಭಾಷೆ ಆಗ ರಾಜ್ಯದ ನೋಟಿನ ಮೇಲಿತ್ತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಿಜಾಮರ ರೂಪಾಯಿಗೆ ಹಾಲಿ ಸಿಕ್ಕಾ ಎಂದೂ, ಬ್ರಿಟಿಷರದಕ್ಕೆ ಕಲ್ದಾರ ಎಂದೂ ಹಿರಿಯರು ಅನ್ನುತ್ತಿದ್ದರು. ಹೆಚ್ಚುಕಡಿಮೆ ಏಳು ಹಾಲಿಗೆ ಆರು ಕಲ್ದಾರ. ಪೆಟ್ಟಿಗೆಯಲ್ಲಿ ಹಳೆ ಲೆಕ್ಕದ ಚೀಟಿ, ಖಾತೆಪುಸ್ತಕ ಇದ್ದರೆ ನೋಟಿನಿಂದ ಬೇರೆ ಮಾಡಬೇಡ, ಎರಡೂ ಕೂಡಿದ್ದರೇ ಕಥೆ ಪೂರ್ತಿ.

ನೋಟಿನ ಮೇಲೆ ವರ್ಷವಿದ್ದರೆ ಅದು ಫಸಲಿ ಎಂಬ ಹಳೆ ಕಂದಾಯ ಎಣಿಕೆಯ ವರ್ಷ ಇರಬಹುದು. 590 ಕೂಡಿಸಿದರೆ ಇಸವಿಯ ಅಂದಾಜು ಸಿಗುತ್ತದೆ. ಆಮೇಲೆ ಸಹಿ ನೋಡು. ಒಂದೇ ಮುಖಬೆಲೆಯ ನೋಟಿಗೂ ಸಹಿ ಬದಲಾದರೆ ಬೆಲೆ ಬದಲಾಗುತ್ತದೆ. ಹೈದರಾಬಾದಿನ ನೋಟಿಗೆ ಸಹಿ ಹಾಕಿದ ಗುಲಾಂ ಮಹಮ್ಮದ್ ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ನಿನ್ನ ಕಟ್ಟಿನಲ್ಲಿ ಆರನೇ ಜಾರ್ಜ್ ದೊರೆಯ ಚಿತ್ರದ ರಿಸರ್ವ್ ಬ್ಯಾಂಕ್ ನೋಟಿದ್ದರೆ ಅದು 1938ರದ್ದು ಇಲ್ಲವೇ ಅದರ ನಂತರದ್ದು.

ಬೆಲೆಯನ್ನು ವಯಸ್ಸೊಂದೇ ತೀರ್ಮಾನಿಸುವುದಿಲ್ಲ. ಎಷ್ಟು ನೋಟು ಉಳಿದಿವೆ, ಎಷ್ಟು ಮಂದಿ ಹುಡುಕುತ್ತಿದ್ದಾರೆ, ನೋಟಿನ ಮೈ ಹೇಗಿದೆ, ಇವೇ ಮುಖ್ಯ. ಮಡಿಕೆಯಿಲ್ಲದ ನೋಟಿಗೂ ಟೇಪು ಹಚ್ಚಿದ ನೋಟಿಗೂ ಅಜಗಜಾಂತರ. ಅದಕ್ಕೇ ಕೈಮುಗಿದು ಹೇಳುತ್ತೇನೆ: ತೊಳೆಯಬೇಡ, ಇಸ್ತ್ರಿ ಮಾಡಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಹರಿದಿದ್ದರೆ ಹರಿದಂತೆಯೇ ಇರಲಿ. ಅಗ್ಗದ ಪಿವಿಸಿ ಚೀಲದಲ್ಲಿ ಕಾಗದ ಕೆಡುತ್ತದೆ. ಪಾಲಿಯೆಸ್ಟರ್ ಕವರಿನಲ್ಲಿ ಚಪ್ಪಟೆಯಾಗಿಟ್ಟು ಬಿಸಿಲು, ತೇವ, ಹುಳ ತಾಗದ ಕಡೆ ಇಡು.

ಹಳೆ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಕೂಡಲೇ ಇಡು. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು 2021ರಲ್ಲಿ ಸ್ಪಷ್ಟವಾಗಿಯೇ ತಿಳಿಸಿದೆ. 2016ರಲ್ಲಿ ರದ್ದಾದ 500, 1000ದ ನೋಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಅಪರಾಧ, ಅದೂ ನೆನಪಿರಲಿ.

ಮಾರಲೇಬೇಕಾದರೆ ಯಾರೋ ಕೇಳಿದ ಬೆಲೆ ನಂಬಬೇಡ. ಅಂಥದೇ ನೋಟು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ನೋಡು, ತಿಳಿದ ಇಬ್ಬರು ಮೂವರಿಗೆ ತೋರಿಸು. ಕನ್ನಡದ ಸಾಲಿರುವ ಒಂದು ನೋಟನ್ನಾದರೂ ಮನೆಯಲ್ಲೇ ಉಳಿಸಿಕೋ, ತಮ್ಮಾ.