ಗುಣಕ ಹದಿನೆಂಟು

ಜಯನಗರ 9ನೇ ಬ್ಲಾಕ್
ಭಾನುವಾರ ರಾತ್ರಿ

ಚಿ. ಪುಟ್ಟನಿಗೆ,

ಮಧ್ಯಾಹ್ನ ಹುಳಿ-ಪಲ್ಯ ಚಪ್ಪರಿಸಿ ತಿಂದು, ಬಿಟಿಎಂನ ನಿನ್ನ ಪೀಜಿಗೆ ಹೊರಡುವಾಗ ಗೇಟಿನ ಹತ್ತಿರ ಒಂದು ಮಾತು ಎಸೆದು ಹೋದೆ. "ನನ್ನ ತಲೆ, ನನ್ನಿಷ್ಟ ಮಾವ. ಬೇರೆಯವರಿಗೆ ಗುದ್ದಿದರೆ ಶಿಕ್ಷೆ ಕೊಡಲಿ. ನಾನೇ ಬಿದ್ದರೆ ಸರ್ಕಾರಕ್ಕೇನು ನಷ್ಟ?" ನಿಮ್ಮತ್ತೆ "ಬಿಡ್ತು ಅನ್ನೋ!" ಎಂದು ಗದರಿದಳು, ನೀನು ನಕ್ಕು ಗಾಡಿ ಎಳೆದೆ. ಹೆಲ್ಮೆಟ್ಟು ಮೊಣಕೈಯಲ್ಲಿತ್ತು. ರಾಗಿಗುಡ್ಡದ ಸಿಗ್ನಲ್ಲಿನಲ್ಲಿ ಪೊಲೀಸರು ಕಂಡಾಗ ಅದು ತಲೆಗೇರಿರುತ್ತದೆ ಎಂದು ಗೊತ್ತು.

ಆದರೂ ನಿನ್ನದು ಉಡಾಫೆಯ ಪ್ರಶ್ನೆಯಲ್ಲ. ಗದರಿಸಿ ಮುಚ್ಚಿಬಿಡುವಂಥದ್ದೂ ಅಲ್ಲ. ಆಂಧ್ರದ ಹೆಲ್ಮೆಟ್ ನಿಯಮದ ವಿರುದ್ಧ ಒಬ್ಬರು ಇದೇ ವಾದ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಓಡಾಡುವ ಸ್ವಾತಂತ್ರ್ಯಕ್ಕೆ ಈ ನಿಯಮ ಅಡ್ಡಿಯಲ್ಲ ಎಂದು ಕೋರ್ಟು 1988ರಲ್ಲಿ ಹೇಳಿತು. ಅದು ಅಜಯ್ ಕಾನು ಪ್ರಕರಣ. ಆದರೆ ಕೋರ್ಟು ಹೇಳಿತು ಎಂದ ಮಾತ್ರಕ್ಕೆ ನೀನು ಒಪ್ಪುವವನಲ್ಲ, ನಿಮ್ಮಮ್ಮನ ಮಗ. ಹಾಗಾಗಿ ನನ್ನ ಕೆಲಸದ ಕಡೆಯಿಂದಲೇ ಶುರು ಮಾಡುತ್ತೇನೆ.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ನಾನು ಸ್ಟೆನೋ ಆಗಿದ್ದೆ ಎಂದು ನಿನಗೆ ಗೊತ್ತು. ಅಲ್ಲಿ ಏನು ಟೈಪು ಮಾಡುತ್ತಿದ್ದೆ ಎಂದು ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತಲೆಗೆ ಬೆಲೆ ಕಟ್ಟುವ ಲೆಕ್ಕ ಅದು. 2009ರ ಸರಳಾ ವರ್ಮಾ ತೀರ್ಪಿನಲ್ಲಿ ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿಯಿದೆ. ನಾಳೆ ಸಂಬಳ ಏರಬಹುದಾಗಿತ್ತಲ್ಲ, ಅದಕ್ಕೆಷ್ಟು ಸೇರಿಸಬೇಕು ಎನ್ನುವುದು 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿದೆ. ನಿನಗೀಗ 24. ತಿಂಗಳಿಗೆ 30,000 ಬರುತ್ತದೆ ಎಂದಿಟ್ಟುಕೊಳ್ಳೋಣ, ನಿಜವಾದ ಅಂಕಿ ನೀನಂತೂ ಹೇಳುವುದಿಲ್ಲ. ವರ್ಷಕ್ಕೆ 3.60 ಲಕ್ಷ. ಕಾಂಟ್ರಾಕ್ಟ್ ನೌಕರಿ, ನಲವತ್ತರ ಒಳಗಿನ ವಯಸ್ಸು, ಆದ್ದರಿಂದ ಶೇ. 40 ಸೇರಿಸಿದರೆ 5.04 ಲಕ್ಷ. ಮದುವೆಯಾಗದ ಹುಡುಗ ಅರ್ಧ ದುಡ್ಡು ತನಗೇ ಖರ್ಚು ಮಾಡಿಕೊಳ್ಳುತ್ತಿದ್ದ ಎಂದು ಅರ್ಧ ಕಳೆ. ಉಳಿದ 2.52 ಲಕ್ಷವನ್ನು ನಿನ್ನ ವಯಸ್ಸಿನ ಗುಣಕವಾದ 18ರಿಂದ ಗುಣಿಸು. ನಲವತ್ತೈದು ಲಕ್ಷದ ಮೂವತ್ತಾರು ಸಾವಿರ. ಮೇಲೆ ಅಂತ್ಯಸಂಸ್ಕಾರಕ್ಕೆಂದು ಒಂದು ಸಣ್ಣ ಮೊತ್ತ. (ಇದನ್ನು ಬರೆಯುವಾಗ ನಾನೂ ಬಿಡ್ತು ಅಂದುಕೊಂಡೆ.)

ಇಷ್ಟೂ ಸಿಗುವುದು ತಪ್ಪು ಎದುರು ಗಾಡಿಯವನದ್ದಾದರೆ. ನೀನೇ ಗುಂಡಿಗೆ ಇಳಿದು ಬಿದ್ದರೆ ಉಳಿಯುವುದು ಗಾಡಿಯ ಮಾಲೀಕನೇ ಓಡಿಸುತ್ತಿದ್ದಾಗ ಅನ್ವಯಿಸುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ನಿನ್ನ ಸ್ಕೂಟರ್ ನಿಮ್ಮಪ್ಪನ ಹೆಸರಿನಲ್ಲಿದೆಯಲ್ಲವೇ? ಹಾಗಾದರೆ ಅದಕ್ಕೂ ತಕರಾರು.

ಸತ್ತವರ ಫೈಲುಗಳು ತೆಳ್ಳಗಿರುತ್ತಿದ್ದವು. ಬದುಕಿ ಉಳಿದವರದ್ದೇ ದಪ್ಪ. ಒಬ್ಬ ಹುಡುಗ ಸಾಕ್ಷಿ ಕಟ್ಟೆಗೆ ಬಂದಿದ್ದ. ನೋಡಲು ಗಟ್ಟಿಮುಟ್ಟು, ಕೈಕಾಲು ಎಲ್ಲಾ ಸರಿ, ಹಣೆಯ ಪಕ್ಕ ಕೂದಲು ಬೆಳೆಯದ ಒಂದು ಗೆರೆ ಮಾತ್ರ. ವಕೀಲರು ಕೇಳಿದ ಪ್ರಶ್ನೆಗೆ ಉತ್ತರ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಪ್ರಶ್ನೆಯನ್ನೇ ಮರೆತು ನಗುತ್ತಿದ್ದ. ಆಮೇಲೆ ತಂಗಿ ಬಂದು ಹೇಳಿಕೆ ಕೊಟ್ಟಳು. ನರ್ಸಿಂಗ್ ಓದುತ್ತಿದ್ದವಳು ಎರಡನೇ ವರ್ಷಕ್ಕೆ ಬಿಟ್ಟು ಮನೆಯಲ್ಲಿದ್ದಳು. ಅಣ್ಣನಿಗೆ ಸ್ನಾನ, ಊಟ, ಮಾತ್ರೆ, ರಾತ್ರಿ ಎದ್ದು ಬೀದಿಗೆ ಹೋಗದಂತೆ ಕಾವಲು. "ಅಟೆಂಡರ್ ಚಾರ್ಜಸ್" ಎಂಬ ತಲೆಬರಹದ ಕೆಳಗೆ ಅವಳ ಶ್ರಮಕ್ಕೂ ಒಂದು ಮೊತ್ತ ಬಂತು. ಅವಳ ಓದಿಗೆ ಯಾವ ತಲೆಬರಹವೂ ಇರಲಿಲ್ಲ. ಹೆಲ್ಮೆಟ್ ಬೇಡ ಎಂದು ತೀರ್ಮಾನ ಮಾಡಿದ ದಿನ ಅವನು ಈ ತಂಗಿಯನ್ನು ಒಂದು ಮಾತು ಕೇಳಿರಲಿಲ್ಲ.

ಹೆಲ್ಮೆಟ್ಟಿನಿಂದ ಏನಾಗುತ್ತದೆ ಮಹಾ, ಎನ್ನಬೇಡ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2008ರ ಕಾಕ್ರೇನ್ ವಿಮರ್ಶೆ ಸಾವಿನ ಸಾಧ್ಯತೆ ಸುಮಾರು ಶೇ. 42, ತಲೆಗಾಯದ ಸಾಧ್ಯತೆ ಸುಮಾರು ಶೇ. 69 ಇಳಿಯುತ್ತದೆ ಎಂದಿತು. ನಿನ್ನ ಪೀಜಿಯಿಂದ ದೂರವೇನಿಲ್ಲದ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ತಲೆಗಾಯಗಳ ಲೆಕ್ಕ ಬರೆದಿಟ್ಟು ಈ ಕಾನೂನಿಗಾಗಿ ಹೇಳುತ್ತಾ ಬಂದರು.

ಮತ್ತೆ ನಮ್ಮ ನಟ ಸಂಚಾರಿ ವಿಜಯ್. "ನಾನು ಅವನಲ್ಲ ಅವಳು" ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು, ಕೊರೊನಾ ಕಾಲದಲ್ಲಿ ಜನರಿಗೆ ನೆರವಾಗುತ್ತಾ ಓಡಾಡುತ್ತಿದ್ದವರು. 2021ರ ಜೂನ್ 12ರ ರಾತ್ರಿ ಜೆ.ಪಿ. ನಗರ 7ನೇ ಹಂತದಲ್ಲಿ ಬೈಕಿನ ಹಿಂದೆ ಕೂತು ಹೋಗುತ್ತಿದ್ದರು. ಬೈಕು ಜಾರಿ ಕಂಬಕ್ಕೆ ಬಡಿಯಿತು. ಹೆಲ್ಮೆಟ್ ಇರಲಿಲ್ಲ ಎಂದು ಆಗ ವರದಿಯಾಗಿತ್ತು. ಪೆಟ್ಟು ಬಿದ್ದದ್ದು ಮಿದುಳಿಗೆ. ಅಂಗಾಂಗ ದಾನ ಮಾಡಿ ಮನೆಯವರು ಅವರನ್ನು ಕಳಿಸಿಕೊಟ್ಟರು. ಹೆದ್ದಾರಿಯಲ್ಲ, ದೂರದ ಪಯಣವೂ ಅಲ್ಲ, ಬಡಾವಣೆಯೊಳಗಿನ ರಸ್ತೆ. "ಇಲ್ಲೇ ಸರಕ್ಕಿಗೆ ತಾನೇ" ಎಂದು ನೀನು ಹೇಳುವಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ, "ಸರಿ ಮಾವ, ಒಳ್ಳೆಯದೆಂದು ಒಪ್ಪಿದೆ, ಬುದ್ಧಿ ಹೇಳಿ, ಕಾನೂನು ಯಾಕೆ?" ಎನ್ನುತ್ತೀಯೆ. ಅಲ್ಲಿಗೇ ಬರುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಯಾರು ಯಾರಿಗೆ ಬುದ್ಧಿ ಹೇಳುವುದು? ನೀನು ನನ್ನನ್ನು ಬನಶಂಕರಿ ದೇವಸ್ಥಾನಕ್ಕೆ ಹಿಂದೆ ಕೂರಿಸಿಕೊಂಡು ಹೋಗುವಾಗ "ಮಾವ, ಹೆಲ್ಮೆಟ್ ಹಾಕ್ಕೊಳ್ಳಿ" ಎನ್ನಲು ನಿನಗೆ ಬಾಯಿ ಬರುತ್ತದೆಯೇ? ಮದುವೆ ಮನೆಗೆ ಹೊರಟ ಅತ್ತಿಗೆಗೆ, ತುರುಬಿಗೆ ಮೊಳ ಮಲ್ಲಿಗೆ ಮುಡಿದು ಸ್ಕೂಟರ್ ಹತ್ತುವಾಗ, ಮೈದುನ ಹೇಳುತ್ತಾನೆಯೇ? ಹೇಳಿದರೆ ಅಪಶಕುನ ನುಡಿದಂತೆ, ಅವನ ಓಡಿಸುವಿಕೆಯ ಮೇಲೆ ಅವನಿಗೇ ನಂಬಿಕೆ ಇಲ್ಲದಂತೆ. ಓಡಿಸುವವರಿಗೆ ಬೆಂಗಳೂರಿನಲ್ಲಿ ಹೆಲ್ಮೆಟ್ 2006ರ ಕೊನೆಯಿಂದ ಕಡ್ಡಾಯವಾಗಿತ್ತು. ಹಿಂದೆ ಕೂತವರಿಗೆ 2016ರ ಜನವರಿಯಲ್ಲಿ ಬಿಗಿಯಾಗಿ ಜಾರಿಗೆ ತಂದಾಗ ಎಷ್ಟು ಗೊಣಗಾಟ! ಹೂವು ಬಾಡುತ್ತದೆ, ಕೂದಲು ಉದುರುತ್ತದೆ, ಎರಡೆರಡು ಹೆಲ್ಮೆಟ್ ಎಲ್ಲಿಡುವುದು. ಆದರೆ ಅಂದಿನಿಂದ ಮೈದುನನಿಗೆ ಒಂದು ಮಾತು ಸಿಕ್ಕಿತು: "ಏನ್ಮಾಡೋದು ಅತ್ತಿಗೆ, ಪೊಲೀಸ್ ಹಿಡೀತಾರೆ." ಸಂಕೋಚವೂ ಉಳಿಯಿತು, ತಲೆಯೂ ಉಳಿಯಿತು. ಪ್ರೀತಿ ಹೇಳಲಾಗದ್ದನ್ನು ಐನೂರು ರೂಪಾಯಿ ದಂಡ ಹೇಳಿಸುತ್ತದೆ. ಕಾನೂನು ಬೇಕು ಎನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದು. ನಿನ್ನ ಕಾಲೇಜಿನ ಪುಸ್ತಕಗಳಲ್ಲಿ ಇದ್ದಿರಲಾರದು.

ಈ ಸಂಕೋಚ ಎಷ್ಟು ದುಬಾರಿ ನೋಡು. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ 14,337 ಜನ ಹಿಂದೆ ಕೂತವರು. ಸೀಟ್ ಬೆಲ್ಟ್ ಹಾಕದೆ ಸತ್ತ 16,715 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಯಾಣಿಕರು. ಹಿಂದಿನ ಸೀಟಿನ ಬೆಲ್ಟಿಗೆ ನಿಯಮ ಮೊದಲೇ ಇತ್ತು. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತು ಅಪಘಾತದಲ್ಲಿ ಸತ್ತಾಗ ಜನ ಒಮ್ಮೆ ಬೆಲ್ಟಿಗಾಗಿ ತಡಕಾಡಿದರು. ಆಮೇಲೆ ಮತ್ತೆ ಸುಮ್ಮನೆ. ಕ್ಯಾಬು ಹತ್ತಿ ನೋಡು, ಬೆಲ್ಟಿನ ಬಕಲ್ಲು ಸೀಟ್ ಕವರಿನ ಕೆಳಗೆ ಸಮಾಧಿಯಾಗಿರುತ್ತದೆ. ಅದನ್ನು ಎಳೆದು ತೆಗೆದರೆ ಡ್ರೈವರು ಅವಮಾನವಾದಂತೆ ಕನ್ನಡಿಯಲ್ಲಿ ನೋಡುತ್ತಾನೆ. ಅಲ್ಲಿ "ಪೊಲೀಸ್ ಹಿಡೀತಾರೆ" ಎನ್ನುವ ಮಾತು ಇನ್ನೂ ಹುಟ್ಟಿಲ್ಲ, ಯಾಕೆಂದರೆ ಹಿಡಿಯುವುದು ಅಪರೂಪ.

ಸರ್ಕಾರದ ವಕಾಲತ್ತು ವಹಿಸುತ್ತಿದ್ದೇನೆ ಎಂದುಕೊಳ್ಳಬೇಡ. 2019ರ ತಿದ್ದುಪಡಿ ಸಾವಿರ ರೂಪಾಯಿ ದಂಡ ಅಂದಿತು, ನಮ್ಮ ರಾಜ್ಯ ಅದೇ ಸೆಪ್ಟೆಂಬರಿನಲ್ಲಿ ಐನೂರಕ್ಕೆ ಇಳಿಸಿತು. ಅದಿರಲಿ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆಲ್ಲ ಅರ್ಧ ಮಾಫಿ ಎಂದು ಸಾರಿದರಲ್ಲ, ನಾಲ್ಕನೇ ಬ್ಲಾಕಿನ ಆಷಾಢದ ಸೀರೆ ಸೇಲಿನ ಹಾಗೆ ಜನ ಮುಗಿಬಿದ್ದರು, ನೂರು ಕೋಟಿಗೂ ಮೀರಿ ಬಂತು. ಖಜಾನೆಗೆ ಸಂತೋಷ. ಆದರೆ ಇನ್ನೊಂದು ರಿಯಾಯಿತಿ ಬಂದೇ ಬರುತ್ತದೆ ಎಂದು ಕಾಯುವ ಹುಡುಗರಿಗೆ ಆ ದಂಡ ಹೆದರಿಕೆಯೂ ಅಲ್ಲ, ನೆಪವೂ ಅಲ್ಲ. ಇನ್ನೂ ಒಂದು. ಅದೇ 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಮಿದೆ. ರಸ್ತೆ ಕಟ್ಟುವ, ನೋಡಿಕೊಳ್ಳುವ ಗುತ್ತಿಗೆದಾರ ಅಥವಾ ಪ್ರಾಧಿಕಾರ ನಿಗದಿಯಾದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಒಂದು ಲಕ್ಷದವರೆಗೆ ದಂಡ. ಬರಿತಲೆಯ ಫೋಟೋ ಹಿಡಿದು ನೋಟಿಸು ಕಳಿಸುವ ಕ್ಯಾಮೆರಾ ಜಂಕ್ಷನ್ನುಗಳಲ್ಲಿದೆ. ಗುಂಡಿಯ ಫೋಟೋ ಹಿಡಿದು ಎಂಜಿನಿಯರಿಗೆ ನೋಟಿಸು ಕಳಿಸುವ ಕ್ಯಾಮೆರಾ ನಾನಂತೂ ಕಂಡಿಲ್ಲ. ಈ ಮಾತಿಗೆ ನೀನು ಎಷ್ಟು ಬೇಕಾದರೂ ಸಿಟ್ಟಾಗು, ಜೊತೆಗೆ ನಾನೂ ಕೂಗುತ್ತೇನೆ. ಆದರೆ ಹೆಲ್ಮೆಟ್ ಹಾಕಿಕೊಂಡು ಕೂಗೋಣ.

ಈಗ ಕೆಲಸದ ಮಾತು. ರಿಂಗ್ ರೋಡಿನ ಪಕ್ಕ ರಾಶಿ ಹಾಕಿ ಮಾರುವ ಅರ್ಧ ಹೆಲ್ಮೆಟ್ ಬೇಡ. ಐಎಸ್‌ಐ ಗುರುತು, ಐಎಸ್ 4151 ಎಂಬ ಸಂಖ್ಯೆ ಇರುವುದನ್ನೇ ಕೊಳ್ಳು. ಒಳಗಿನ ಥರ್ಮೋಕೋಲಿನಂಥ ಪದರ ಪೆಟ್ಟು ಬಿದ್ದಾಗ ತಾನು ನಜ್ಜುಗುಜ್ಜಾಗಿ ತಲೆಯನ್ನು ಉಳಿಸುತ್ತದೆ, ಹಾಗಾಗಿ ಒಮ್ಮೆ ಜೋರಾಗಿ ಬಿದ್ದದ್ದನ್ನು ಮತ್ತೆ ಹಾಕಿಕೊಳ್ಳುವಂತಿಲ್ಲ. ಗದ್ದದ ಪಟ್ಟಿ ಬಿಗಿಯದಿದ್ದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಮುಂದಿನ ತಿಂಗಳು ನಿಮ್ಮಮ್ಮ ಹಾಸನದಿಂದ ಬರುತ್ತಾಳೆ, ನಿನ್ನ ಹಿಂದೆಯೇ ಕೂತು ಓಡಾಡುತ್ತಾಳೆ. ಅವಳಿಗೂ ಒಂದು ಬೇಕು. ಊರಿಗೆ ಹೋದಾಗ ಹುಬ್ಬಿನ ಮೇಲಿಂದ ಟೇಪು ಸುತ್ತಿ ಅಳತೆ ತೆಗೆದುಕೊ. ತುರುಬು ಬಿಚ್ಚಿ ಜಡೆ ಹಾಕಿಕೊಂಡಾಗಲೇ ಅಳೆಯಬೇಕು. ಸೆಂಟಿಮೀಟರಿನಲ್ಲಿ ಬರೆದು ಕಳಿಸು, ದುಡ್ಡು ನಾನು ಕೊಡುತ್ತೇನೆ. ಬಣ್ಣ ಅವಳನ್ನೇ ಕೇಳು, ಇಲ್ಲದಿದ್ದರೆ ಅದಕ್ಕೂ ಜಗಳ ತೆಗೆಯುತ್ತಾಳೆ.

ಇಂತು ನಿನ್ನ
ಮಾವ