ಹೆಪಟೈಟಿಸ್ ಸಿ: ಕೆಲಸಗಾರನನ್ನು ಊರಿಗೆ ಕಳುಹಿಸುವ ಮೊದಲು ತಿಳಿಯಬೇಕಾದದ್ದು



ಕಾಮಾಲೆ ಎಂಬ ಶಬ್ದ ಕಿವಿಗೆ ಬಿದ್ದರೆ ಹೋಟೆಲ್ ಮಾಲೀಕನಿಗೆ ಮೊದಲು ನೆನಪಾಗುವುದು ನೀರಿನ ಟಾಂಕಿ, ಆಮೇಲೆ ಮುನಿಸಿಪಾಲಿಟಿಯ ಇನ್‌ಸ್ಪೆಕ್ಟರ್. ಇದು ಸಹಜವೇ. ಹೊಲಸು ನೀರು, ತೊಳೆಯದ ಕೈ ಇವುಗಳಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಕಾಯಿಲೆಗಳಿಗೆ ನಮ್ಮ ಉದ್ಯಮದವರು ಹೆದರಲೇಬೇಕು. ಆದರೆ ಅದೇ ಹೆದರಿಕೆಯಲ್ಲಿ ಹೆಪಟೈಟಿಸ್ ಸಿ ಇರುವ ಕೆಲಸಗಾರನ ಲೆಕ್ಕವನ್ನೂ ಚುಕ್ತಾ ಮಾಡುವವರು ನಮ್ಮಲ್ಲಿದ್ದಾರೆ. ಹೆಸರು ಒಂದೇ ಆದರೂ ಕಾಯಿಲೆ ಬೇರೆ, ಹರಡುವ ದಾರಿ ಬೇರೆ.

ಕೆಲವು ವರ್ಷಗಳ ಹಿಂದೆ ನಮ್ಮವರದೇ ಒಂದು ಹೋಟೆಲಿನಲ್ಲಿ ಹೀಗಾಯಿತು. ಹದಿನಾಲ್ಕು ವರ್ಷ ದೋಸೆ ಕಾವಲಿಯ ಮುಂದೆ ನಿಂತ ಭಟ್ಟರು ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟರು. ಬ್ಲಡ್ ಬ್ಯಾಂಕಿನಿಂದ ಕರೆ ಬಂತು, ಹೆಪಟೈಟಿಸ್ ಸಿ ಪಾಸಿಟಿವ್ ಎಂದು. "ಧನಿಗಳೇ, ನನಗೆ ಜ್ವರವೂ ಇಲ್ಲ, ಹೊಟ್ಟೆನೋವೂ ಇಲ್ಲ, ನಾನು ಯಾಕೆ ಹೋಗಬೇಕು?" ಎಂದು ಅವರು ಕೇಳಿದರಂತೆ. ಉತ್ತರ ಧನಿಗಳಿಗೂ ಗೊತ್ತಿರಲಿಲ್ಲ. ಎರಡು ತಿಂಗಳ ಹೆಚ್ಚಿನ ಸಂಬಳ ಕೊಟ್ಟು ರೈಲು ಹತ್ತಿಸಿದರು. ಮಾಲೀಕರು ಕೆಟ್ಟವರಲ್ಲ, ತಿಳಿವಳಿಕೆ ಇರಲಿಲ್ಲ ಅಷ್ಟೆ. ನಾನು ಹತ್ತನೇ ತರಗತಿ ಓದಿದವನು, ಡಾಕ್ಟರಲ್ಲ. ಕೇಳಿ, ಓದಿ ತಿಳಿದುಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಹೆಪಟೈಟಿಸ್ ಎಂದರೆ ಲಿವರಿನ ಉರಿಯೂತ. ಅದನ್ನು ತರುವ ಮುಖ್ಯ ವೈರಸ್‌ಗಳು ಎ, ಬಿ, ಸಿ, ಡಿ, ಇ ಎಂದು ಐದು. 1970ರ ದಶಕದಲ್ಲಿ ರಕ್ತ ಹಾಕಿಸಿಕೊಂಡವರಿಗೆ ಲಿವರ್ ಕಾಯಿಲೆ ಬರುವುದು ಕಂಡಿತು, ಪರೀಕ್ಷೆ ಮಾಡಿದರೆ ಎ ಕೂಡ ಅಲ್ಲ, ಬಿ ಕೂಡ ಅಲ್ಲ. ಕಾರಣವಾದ ಸಿ ವೈರಸ್ ಪತ್ತೆಯಾದದ್ದು 1989ರಲ್ಲಿ. ಇದಕ್ಕಾಗಿ ದುಡಿದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ 2020ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಈ ಕಾಯಿಲೆಯವರು ಸುಮಾರು 55 ಲಕ್ಷ. ಹೆಚ್ಚಿನವರಿಗೆ ತಮಗಿದೆ ಎಂದೇ ಗೊತ್ತಿಲ್ಲ.

ಇನ್ನು ಹರಡುವ ರೀತಿ. ಇದನ್ನು ಸರಿಯಾಗಿ ಓದಬೇಕಾಗಿ ವಿನಂತಿ. ಸಿ ವೈರಸ್ ಹರಡಬೇಕಾದರೆ ಒಬ್ಬನ ರಕ್ತ ಇನ್ನೊಬ್ಬನ ರಕ್ತಕ್ಕೆ ಸೇರಬೇಕು. ಊಟದಿಂದ ಬರುವುದಿಲ್ಲ, ನೀರಿನಿಂದ ಬರುವುದಿಲ್ಲ, ಒಂದೇ ತಟ್ಟೆ, ಒಂದೇ ಲೋಟದಿಂದ ಬರುವುದಿಲ್ಲ. ಕೆಮ್ಮು, ಸೀನು, ಕೈಕುಲುಕುವುದು, ಒಂದೇ ಕೋಣೆಯಲ್ಲಿ ಮಲಗುವುದು, ಇದ್ಯಾವುದರಿಂದಲೂ ಇಲ್ಲ. ಹಾಗಾಗಿ ಭಟ್ಟರು ಹುಯ್ದ ದೋಸೆಯಿಂದ ಗಿರಾಕಿಗೆ ಈ ಕಾಯಿಲೆ ಬರಲಾರದು.

ಬರುವುದು ಎಲ್ಲಿಂದ? ಸರಿಯಾಗಿ ಕುದಿಸದ ಅಥವಾ ಮತ್ತೆ ಮತ್ತೆ ಬಳಸಿದ ಸೂಜಿ ದೊಡ್ಡ ಕಾರಣ. ಇಂಜೆಕ್ಷನ್ ಚುಚ್ಚಿದರೇ ಜ್ವರ ಬಿಡುವುದು ಎಂಬ ನಂಬಿಕೆ ನಮ್ಮ ಕೆಲಸದವರಲ್ಲಿ ಇನ್ನೂ ಇದೆ. ಗಲ್ಲಿಯ ಡಾಕ್ಟರ್ ಸೂಜಿ ಹೊಸದಾಗಿ ಒಡೆದನೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು, ನಶೆಗಾಗಿ ಸೂಜಿ ಹಂಚಿಕೊಂಡವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಇವರಿಗೆಲ್ಲ ಅಪಾಯ ಹೆಚ್ಚು. 2000ದ ದಶಕದ ಆರಂಭದವರೆಗೆ ನಮ್ಮ ದೇಶದ ಬ್ಲಡ್ ಬ್ಯಾಂಕುಗಳಲ್ಲಿ ಸಿ ವೈರಸ್ಸಿನ ಪರೀಕ್ಷೆ ಕಡ್ಡಾಯ ಇರಲಿಲ್ಲ. ಆ ಕಾಲದಲ್ಲಿ ಆಪರೇಶನ್ ಆಗಿ ರಕ್ತ ಹಾಕಿಸಿಕೊಂಡ ಮಾಲೀಕರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಅವರು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಲೈಂಗಿಕ ಸಂಬಂಧದಿಂದಲೂ, ತಾಯಿಯಿಂದ ಹುಟ್ಟುವ ಮಗುವಿಗೂ ಬರಬಹುದು, ಆದರೆ ಅದು ಕಡಿಮೆ.

ನಮ್ಮ ಕೈಯಲ್ಲಿರುವ ಒಂದು ಜಾಗವೆಂದರೆ ಸ್ಟಾಫ್ ರೂಮು. ಹತ್ತು ಹುಡುಗರಿರುವ ಕೋಣೆಯಲ್ಲಿ ಕನ್ನಡಿಯ ಕೆಳಗೆ ಎಷ್ಟು ರೇಜರ್ ಇವೆ ಎಂದು ಒಮ್ಮೆ ಎಣಿಸಿ ನೋಡಿ. ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು, ಒಣಗಿದ ಮೇಲೂ ಈ ವೈರಸ್ ದಿನಗಟ್ಟಲೆ ಜೀವ ಹಿಡಿದಿರಬಲ್ಲದು. ತಲೆಗೊಂದು ರೇಜರ್, ತಲೆಗೊಂದು ಟೂತ್‌ಬ್ರಷ್, ತಲೆಗೊಂದು ಉಗುರು ಕತ್ತರಿ ಕೊಡಿಸಿದರೆ ವರ್ಷಕ್ಕೆ ಆಗುವ ಖರ್ಚು ಒಂದು ಡಬ್ಬ ಎಣ್ಣೆಯಷ್ಟೂ ಆಗಲಿಕ್ಕಿಲ್ಲ. ಸಲೂನಿನಲ್ಲಿ ಹೊಸ ಬ್ಲೇಡ್ ಕೇಳಿ ಹಾಕಿಸಿಕೊಳ್ಳಲು ಹುಡುಗರಿಗೆ ಹೇಳಬೇಕು. ತರಕಾರಿ ಹೆಚ್ಚುವಾಗ ಕೈ ಕೊಯ್ದುಕೊಂಡರೆ ನೀರು ಒಳಗೆ ಹೋಗದಂಥ ಪಟ್ಟಿ ಕಟ್ಟಬೇಕು. ರಕ್ತ ಬಿದ್ದ ತರಕಾರಿ ಎಸೆಯಬೇಕು, ಕಟ್ಟೆಯನ್ನು ಕೈಗವಸು ಹಾಕಿಕೊಂಡು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಒರೆಸಬೇಕು. ಇದು ಸಿ ಇರಲಿ ಇಲ್ಲದಿರಲಿ, ಎಲ್ಲರಿಗೂ ಒಂದೇ ನಿಯಮ.

ಲಕ್ಷಣಗಳ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ, ತೊಂದರೆಯೇ ಅದು. ವೈರಸ್ ಒಳಗೆ ಹೋದ ಎರಡು ವಾರದಿಂದ ಆರು ತಿಂಗಳೊಳಗೆ ಕೆಲವರಿಗೆ ಸುಸ್ತು, ಹಸಿವಿಲ್ಲದಿರುವುದು, ವಾಂತಿ, ಕಣ್ಣು ಹಳದಿಯಾಗುವುದು ಕಾಣಬಹುದು. ನೂರರಲ್ಲಿ ಸುಮಾರು ಎಂಬತ್ತು ಜನರಿಗೆ ಏನೂ ಕಾಣುವುದಿಲ್ಲ. ನೂರಕ್ಕೆ ಮೂವತ್ತರಷ್ಟು ಜನರಲ್ಲಿ ಆರು ತಿಂಗಳೊಳಗೆ ಔಷಧಿಯಿಲ್ಲದೆ ವೈರಸ್ ತಾನಾಗಿ ಹೋಗುತ್ತದೆ. ಉಳಿದವರಲ್ಲಿ ಅದು ಸದ್ದಿಲ್ಲದೆ ಕೂತು ಲಿವರನ್ನು ತಿನ್ನುತ್ತದೆ. ಇಪ್ಪತ್ತು ವರ್ಷದೊಳಗೆ ಇವರಲ್ಲಿ ನೂರಕ್ಕೆ 15ರಿಂದ 30 ಜನರಿಗೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುವ ಸಂಭವವಿದೆ, ಕೆಲವರಿಗೆ ಕ್ಯಾನ್ಸರ್. ಹೊಟ್ಟೆಯಲ್ಲಿ ನೀರು ತುಂಬಿ, ಕಾಲು ಊದಿಕೊಂಡು ಬರುವ ಹೊತ್ತಿಗೆ ತಡವಾಗಿರುತ್ತದೆ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಕುಡಿಯುವ ಅಭ್ಯಾಸವಿದ್ದರೆ ಇದೆಲ್ಲ ಬೇಗ ಆಗುತ್ತದೆ.

ಪರೀಕ್ಷೆ ಎರಡು. ಮೊದಲನೆಯದು ಆಂಟಿಬಾಡಿ ಪರೀಕ್ಷೆ, ವೈರಸ್ ಯಾವಾಗಲಾದರೂ ದೇಹಕ್ಕೆ ಬಂದಿತ್ತೇ ಎಂದು ಮಾತ್ರ ಹೇಳುತ್ತದೆ. ಈಗಲೂ ಇದೆಯೇ ಎಂದು ಹೇಳುವುದು ಎರಡನೆಯದಾದ ಆರ್‌ಎನ್‌ಎ ಪರೀಕ್ಷೆ. ಮೊದಲನೆಯದು ಪಾಸಿಟಿವ್ ಬಂದ ಕೂಡಲೇ ರೋಗಿ ಎಂದು ತೀರ್ಮಾನಿಸಬಾರದು.

ಚಿಕಿತ್ಸೆಯ ವಿಷಯದಲ್ಲಿ ಕಾಲ ಪೂರ್ತಿ ಬದಲಾಗಿದೆ. ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಆರು ತಿಂಗಳು, ಒಂದು ವರ್ಷ ಚುಚ್ಚಬೇಕಿತ್ತು. ಜ್ವರ, ಕೂದಲು ಉದುರುವುದು, ಮನಸ್ಸು ಕುಗ್ಗುವುದು, ಇಷ್ಟೆಲ್ಲ ಸಹಿಸಿದರೂ ಅನೇಕರಿಗೆ ಗುಣವಾಗುತ್ತಿರಲಿಲ್ಲ. 2013ರಲ್ಲಿ ಅಮೆರಿಕದಲ್ಲಿ ಸೋಫೋಸ್‌ಬುವಿರ್ ಎಂಬ ಮಾತ್ರೆ ಬಂತು. ಒಂದು ಮಾತ್ರೆಗೆ 1000 ಡಾಲರ್, 84 ದಿನಕ್ಕೆ 84 ಸಾವಿರ ಡಾಲರ್! 2014ರಲ್ಲಿ ನಮ್ಮ ದೇಶದ ಕಂಪೆನಿಗಳಿಗೆ ತಯಾರಿಸುವ ಲೈಸೆನ್ಸ್ ಸಿಕ್ಕಿತು, ಬೆಲೆ ಪಾತಾಳಕ್ಕೆ ಇಳಿಯಿತು. ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಇದರ ಜೊತೆಗೆ ಡಕ್ಲಾಟಾಸ್‌ವಿರ್ ಸೇರಿಸಿ ದಿನಕ್ಕೊಮ್ಮೆ 12 ವಾರ ಕೊಡುತ್ತಾರೆ. ನೂರರಲ್ಲಿ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. ಸಿರೋಸಿಸ್ ಇದ್ದರೆ ಮಾತ್ರೆ ಬೇರೆ, ಕೆಲವೊಮ್ಮೆ ಅವಧಿಯೂ ಹೆಚ್ಚು. 2018ರ ಜುಲೈ 28ರಂದು ಕೇಂದ್ರ ಸರಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅದರ ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಮೇಲೆ ಹೇಳಿದ ಭಟ್ಟರು ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಹೀಗೇ ಗುಣವಾದರು. ಈಗ ಬೇರೆಯವರ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದಾರೆ, ಹಳೆಯ ಧನಿಗಳಿಗೆ ಅಂಥ ಕೈ ಮತ್ತೆ ಸಿಗಲಿಲ್ಲ.

ಮಾತ್ರೆ ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಇದೆಯೇ ಎಂದು ನೋಡಿಸಲೇಬೇಕು. ಇದ್ದರೆ ಸಿ ಹೋಗುವಾಗ ಬಿ ಕೆರಳಬಹುದು. ಹೃದಯಕ್ಕೆ ತೆಗೆದುಕೊಳ್ಳುವ ಔಷಧಿ ಇದ್ದರೆ ಡಾಕ್ಟರಿಗೆ ಹೇಳಬೇಕು. ನಮ್ಮವರು ಬೆಳಗಾದರೆ ಚಹಾದ ಮೊದಲು ನುಂಗುವ ಗ್ಯಾಸಿನ ಮಾತ್ರೆಯನ್ನೂ ಹೇಳಬೇಕು, ಕೆಲವು ಸಿ ಮಾತ್ರೆಗಳ ಶಕ್ತಿಯನ್ನು ಅದು ಕುಗ್ಗಿಸುತ್ತದೆ. ಊರಿನ ಕಾಮಾಲೆ ಔಷಧಿಯ ಮೇಲೆ ನನಗೆ ಗೌರವವಿದೆ, ಆದರೆ ಸಿ ವೈರಸ್ಸಿಗೆ ಅದನ್ನು ನಂಬಿ ಕೂರುವ ಹಾಗಿಲ್ಲ. ಬಿ ಕಾಯಿಲೆಗೆ ಲಸಿಕೆ ಇದೆ, ಎಲ್ಲ ಕೆಲಸದವರಿಗೂ ಹಾಕಿಸಬಹುದು. ಸಿ ಕಾಯಿಲೆಗೆ ಲಸಿಕೆ ಇನ್ನೂ ಬಂದಿಲ್ಲ.

ಆಹಾರ ಸುರಕ್ಷತಾ ನಿಯಮದಂತೆ ಅಡುಗೆ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಕಣ್ಣು ಹಳದಿಯಾದವನನ್ನು, ವಾಂತಿ ಭೇದಿ ಇರುವವನನ್ನು ಡಾಕ್ಟರ್ ಹೇಳುವವರೆಗೆ ಅಡುಗೆಮನೆಯಿಂದ ಹೊರಗಿಡಬೇಕು, ಅದು ಎ ಅಥವಾ ಇ ಆಗಿರಬಹುದು. ಆರೋಗ್ಯವಾಗಿ ಓಡಾಡುವವನ ಕೈಯಲ್ಲಿ ಸಿ ಎಂಬ ರಿಪೋರ್ಟ್ ಇದೆ ಎಂಬ ಒಂದೇ ಕಾರಣಕ್ಕೆ ತೆಗೆಯಬೇಕಾಗಿಲ್ಲ. ಅವನಿಗೆ ಬೇಕಾಗಿರುವುದು ಆಸ್ಪತ್ರೆಗೆ ಹೋಗಿಬರಲು ಆಗೊಮ್ಮೆ ಈಗೊಮ್ಮೆ ಅರ್ಧ ದಿನದ ರಜೆ, ಮತ್ತು ರಿಪೋರ್ಟಿನ ಸುದ್ದಿ ಬೇರೆ ಕೆಲಸದವರ ಬಾಯಿಗೆ ಬೀಳದ ಹಾಗೆ ನೋಡಿಕೊಳ್ಳುವ ಧನಿ.

ಕೊನೆಗೆ ಒಂದು ವಿಷಯ. ಮಾತ್ರೆ ಮುಗಿದು 12 ವಾರದ ಮೇಲೆ ಆರ್‌ಎನ್‌ಎ ಪರೀಕ್ಷೆ ಮತ್ತೆ ಮಾಡುತ್ತಾರೆ. ಅದರಲ್ಲಿ ವೈರಸ್ ಕಾಣದಿದ್ದರೆ ಗುಣವಾಯಿತು ಎಂದು ಅರ್ಥ. ಆದರೆ ಆಂಟಿಬಾಡಿ ಪರೀಕ್ಷೆ ಗುಣವಾದ ಮೇಲೂ ವರ್ಷಾನುಗಟ್ಟಲೆ, ಹೆಚ್ಚಿನವರಲ್ಲಿ ಜೀವನಪೂರ್ತಿ, ಪಾಸಿಟಿವ್ ಎಂದೇ ಬರುತ್ತದೆ. ಮುಂದಿನ ವರ್ಷದ ತಪಾಸಣೆಯಲ್ಲಿ ಲ್ಯಾಬಿನವರು ಅದನ್ನು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟರೆ ಗಾಬರಿಯಾಗಬೇಡಿ. ಆರ್‌ಎನ್‌ಎ ರಿಪೋರ್ಟಿನ ಒಂದು ಜೆರಾಕ್ಸ್ ಅವನ ಫೈಲಿನಲ್ಲಿ ಇಟ್ಟುಕೊಳ್ಳಿ, ಮೂಲ ಪ್ರತಿ ಅವನ ಹತ್ತಿರವೇ ಇರಲಿ. ನಾಳೆ ಅವನು ಬೇರೆ ಹೋಟೆಲಿಗೆ ಹೋದರೂ ಅದು ಬೇಕಾಗುತ್ತದೆ.